ಕಾಲು ನೋಡುವ ಯಜಮಾನಿ

ಸುಳ್ಳು ಹೇಳಿದವಳು ನಾನು, ಹಾಸಿಗೆ ಬಿಟ್ಟುಕೊಟ್ಟವಳು ಆಕೆ. ನಡೆದದ್ದು ಇಷ್ಟೇ.

ಯಾತ್ರೆಯವರು ರಾತ್ರಿ ತಂಗುವ ಆ ಹಾಸ್ಟೆಲ್ಲಿನ ಯಜಮಾನಿ ಬಂದವರ ಮುಖ ನೋಡುತ್ತಿರಲಿಲ್ಲ. ಮಾಸ್ಕಿನ ಮೇಲಿನ ನೀಲಿ ಕಣ್ಣು ನೇರ ಕಾಲಿಗೆ ಹೋಗುತ್ತಿತ್ತು. ಅವಳದೇ ಕಾಲು ಊದಿಕೊಂಡು, ಗಂಡಸರ ಚಪ್ಪಲಿಯೊಳಗೆ ತುರುಕಿದಂತಿತ್ತು.

ಕೊರೊನಾದ ಎರಡನೆಯ ವರ್ಷ. ನನ್ನ ಮಗಳು ಪರದೇಶದಲ್ಲಿ, ನೇಸ್ ಎಂಬ ಊರಿನ ಆಸ್ಪತ್ರೆಯಲ್ಲಿ ಡಾಕ್ಟರು. ತಿಂಗಳುಗಟ್ಟಲೆ ಕೊರೊನಾ ವಾರ್ಡಿನಲ್ಲಿ ದುಡಿದು ನಿದ್ದೆಯನ್ನೇ ಕಳೆದುಕೊಂಡಿದ್ದಳು. ರಜೆ ಸಿಕ್ಕಾಗ, ಇಲ್ಲಿಯವರು ಯಾತ್ರೆ ಹೋಗುವ ಬೆಟ್ಟಕ್ಕೆ ಸೈಕಲ್ಲಿನಲ್ಲಿ ಹೋಗುತ್ತೇನೆ ಎಂದಳು. ಒಬ್ಬಳನ್ನೇ ಬಿಡುವುದಿಲ್ಲ ಎಂದೆ. ಎರಡು ಸೀಟಿನ ಸೈಕಲ್ ತಂದಳು. ಹಿಂದೆ ಕೂತು ನಾನು ತುಳಿದದ್ದಕ್ಕಿಂತ ಬೈದದ್ದೇ ಹೆಚ್ಚು.

ಹಾಸಿಗೆ ಸಿಗುವುದೇ ಕಷ್ಟವಾಗಿತ್ತು. ದೂರದೂರ ಮಲಗಿಸಬೇಕೆಂದು ಎಲ್ಲ ಕಡೆ ಅರ್ಧ ಮಂಚ ಎತ್ತಿಟ್ಟಿದ್ದರು. ಮೇಲೆ ಆ ಯಜಮಾನಿಯ ಕಟ್ಟಳೆ ಬೇರೆ: ನಡೆದು ಬಂದವರಿಗೆ ಮೊದಲು, ಸೈಕಲ್ಲಿನವರು ಸಂಜೆ ಆರರವರೆಗೆ ಕಾಯಬೇಕು. "ಸೈಕಲ್‌ಗೆ ಮುಂದಿನ ಊರು ಇದೆ, ಕಾಲಿಗೆ ಇಲ್ಲ" ಎನ್ನುವಳಂತೆ. ನಮ್ಮ ಕಡೆಯೂ ಬೆಟ್ಟಕ್ಕೆ ನಡೆದು ಬಂದವರಿಗೇ ಮೊದಲ ಪಂಕ್ತಿ. ನನಗೆ ಗೊತ್ತಿರಲಿಲ್ಲವೆಂದರೆ ಅದೂ ಸುಳ್ಳೇ.

ಹಿಂದಿನ ಎರಡು ಊರಲ್ಲಿ ಜಾಗವಿಲ್ಲ ಎಂದಿದ್ದರು. ಮಗಳು ಸೈಕಲ್ ನಿಲ್ಲಿಸಿ ಹ್ಯಾಂಡಲ್ಲಿಗೆ ತಲೆಯಾನಿಸಿದಳು.

"ಸೈಕಲ್ ಆ ಬೇಲಿ ಹಿಂದೆ ಮಲಗ್ಸು. ನಡ್ಕೊಂಡು ಹೋಗೋಣ."

"ಅಮ್ಮಾ, ಚೀಟಿಂಗ್ ಅದು."

"ನೀನು ಬಾಯಿ ಬಿಡ್ಬೇಡ. ನಾನು ಮಾತಾಡ್ತೀನಿ."

ಯಜಮಾನಿ ಮೊದಲು ಚಹಾ ಕೊಟ್ಟಳು. ಮಗಳು ಮಾಸ್ಕ್ ತೆಗೆದು ಕುಡಿದಳು. ಆಮೇಲೆ ಯಜಮಾನಿ ಹೆಸರು ಬರೆಯುವ ಪುಸ್ತಕ ತೆರೆದು, ನಡೆದು ಬಂದಿರಾ ಎಂದು ಕೇಳಿದಳು.

"ವಾಕಿಂಗ್, ವಾಕಿಂಗ್" ಎಂದೆ.

ನನ್ನ ಪೈಜಾಮಕ್ಕೆ ಮೆತ್ತಿದ್ದ ಚೈನಿನ ಮಸಿಯನ್ನು ನೋಡಿದಳು. "ಗ್ರ್ಯಾಂಡ್" ಎಂದಳು; ಇಲ್ಲಿಯವರು 'ಸರಿ' ಎನ್ನುವುದೇ ಹಾಗೆ. ನಡೆದವರಿಗೆ ಪಾದ, ಸೈಕಲ್ಲಿನವರಿಗೆ ಗಾಲಿ, ಹೀಗೆ ಹೆಸರಿನ ಮುಂದೆ ಗುರುತು ಬಿಡಿಸುವುದು ಅವಳ ರೂಢಿ. ನಮ್ಮಿಬ್ಬರಿಗೂ ಒಂದೊಂದು ಪಾದ ಬಿಡಿಸಿ, ಉಳಿದಿದ್ದ ಎರಡು ಹಾಸಿಗೆ ಕೊಟ್ಟಳು. ಮಗಳು ಬಿದ್ದವಳೇ ನಿದ್ದೆಹೋದಳು.

ಐದೂವರೆಗೆ ಒಬ್ಬ ಮುದುಕ ಕುಂಟುತ್ತಾ ಬಂದ. ಕಾಲ್ಚೀಲದಲ್ಲಿ ರಕ್ತ. ಯಜಮಾನಿ ಅವನನ್ನು ತನ್ನ ಕೋಣೆಗೆ ಕಳಿಸಿ, ದಿಂಬು ಕಂಕುಳಲ್ಲಿಟ್ಟುಕೊಂಡು ಅಡುಗೆಮನೆಯ ಬೆಂಚಿಗೆ ಹೊರಟಳು. ಅಡ್ಡ ನಿಂತು, ನನ್ನ ಹಾಸಿಗೆ ತಗೋ ಎಂದು ಸನ್ನೆ ಮಾಡಿದೆ. ಆಕೆ ಹೇಳಿದ್ದು, ನೇಸ್‌ನಲ್ಲಿ ಟಿವಿ ನೋಡಿ ಕಲಿತ ನನ್ನ ಇಂಗ್ಲಿಷಿಗೂ ತಿಳಿಯಿತು:

"ನೀನು ನಡೆದಿಲ್ಲ ಅಂತ ಆಗಲೇ ಗೊತ್ತಾಯ್ತು. ನಿನ್ನ ಮಗಳ ಮೂಗಿನ ಮೇಲಿನ ಆಸ್ಪತ್ರೆ ಮಾಸ್ಕಿನ ಗಾಯ ನೋಡಿದೆ. ಅವಳು ನಡೆದೇ ಬಂದಿದ್ದಾಳೆ. ಎದ್ದಾಗ ಪಕ್ಕದಲ್ಲಿ ನೀನಿರಬೇಕು. ಹೋಗು."

ಮಗಳು ಹನ್ನೆರಡು ಗಂಟೆ ಕಾಲ ಮಲಗಿದಳು.

ಮರುವರ್ಷ ಆ ಯಜಮಾನಿ ತೀರಿಕೊಂಡಳು. ನಾನು ಕ್ಷಮೆ ಕೇಳಿರಲಿಲ್ಲ. ಕೇಳುವಷ್ಟು ಇಂಗ್ಲಿಷ್ ಇರಲಿಲ್ಲ, ಕನ್ನಡದಲ್ಲೂ ಅಭ್ಯಾಸವಿರಲಿಲ್ಲ.

ಆದರೆ ಹಾಸ್ಟೆಲ್ಲಿನಲ್ಲಿ ಮಲಗೆದ್ದ ಬೆಳಿಗ್ಗೆ, ಎಲ್ಲರಿಗಿಂತ ಮೊದಲು ಎದ್ದು ಆ ಪುಸ್ತಕ ತೆರೆದೆ. ನನ್ನ ಹೆಸರಿನ ಮುಂದಿದ್ದ ಪಾದವನ್ನು ಹೊಡೆದುಹಾಕಿ ಎರಡು ಗಾಲಿ ಬಿಡಿಸಿದೆ. ಮಗಳ ಪಾದವನ್ನು ಮುಟ್ಟಲಿಲ್ಲ.