ದೊಡ್ಡವ್ವನ ಟ್ರಂಕಿನ ಬೀರು

ನಮ್ಮ ದೊಡ್ಡವ್ವ ರೊಟ್ಟಿಯನ್ನು ಬಲಗಡೆಯಿಂದಷ್ಟೇ ಅಗಿಯುತ್ತಿದ್ದಳು. ಎಡಗಡೆಯ ಎರಡು ಹಲ್ಲುಗಳನ್ನು ದೊಡ್ಡಪ್ಪ ಒಂದೇ ಏಟಿಗೆ ಉದುರಿಸಿದ್ದ. ಇಷ್ಟನ್ನು ನೇರವಾಗಿ ಬರೆಯುವುದಕ್ಕೆ ನಾನು ಇಷ್ಟು ವರ್ಷ ತೆಗೆದುಕೊಂಡೆನಲ್ಲ, ಆ ಸಿಟ್ಟು ನನ್ನ ಮೇಲೂ ಇದೆ. ನಮ್ಮೂರು ಸಂಶಿಯಲ್ಲಿ ಇಂದಿಗೂ ಯಾರನ್ನು ಕೇಳಿದರೂ ಗಂಗವ್ವ ಬಚ್ಚಲಲ್ಲಿ ಜಾರಿ ಬಿದ್ದಳು ಎಂದೇ ಹೇಳುತ್ತಾರೆ.

ದೊಡ್ಡಪ್ಪ ಲಾರಿ ಓಡಿಸುತ್ತಿದ್ದ. ಮೆಣಸಿನಕಾಯಿ ಹೇರಿಕೊಂಡು ಗೋವಾಕ್ಕೆ ಹೋದವನು ಬರುವಾಗ ಎರಡು ಬಾಟಲಿ ಬೀರು ತಂದಿದ್ದ. ದೊಡ್ಡವ್ವ ಒಂದನ್ನು ಒಳಕಲ್ಲಿನ ಮೇಲೆ ಒಡೆದಳು. ಏಟು ಬಿದ್ದದ್ದು ಆಗಲೇ. ಇನ್ನೊಂದನ್ನು ಅವಳು ಅವನ ಕೈಗೆ ಸಿಗದಂತೆ ಮೊದಲೇ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಬಚ್ಚಿಟ್ಟಿದ್ದಳು. ಜಾರಿ ಬಿದ್ದ ಕಥೆ ಕಟ್ಟಿದವಳು ನನ್ನ ಅಜ್ಜಿ, ಊರಿಗೆ ಹಂಚಿದವರು ನಮ್ಮ ಮನೆಯವರೆಲ್ಲ. ಎಷ್ಟೋ ವರ್ಷ ನನಗೆ ನಿಜ ಹೇಳಿದವಳು ದೊಡ್ಡವ್ವ ಒಬ್ಬಳೇ.

ಅವಳಿಗೆ ಸುಳ್ಳು ಕಂಡರೆ ಆಗುತ್ತಿರಲಿಲ್ಲ. ಸಂತೆಯಲ್ಲಿ ಬದನೆಕಾಯಿಯವನು "ಇವತ್ತ ಹರದದ್ದವ್ವಾ" ಎಂದರೆ ತೊಟ್ಟು ಮುರಿದು ಅವನ ಮೂಗಿನ ಮುಂದೆ ಹಿಡಿಯುತ್ತಿದ್ದಳು. ಶಾಲೆ ತಪ್ಪಿಸಲು ನಾನು ಹೊಟ್ಟೆನೋವು ಎಂದು ನರಳಿದರೆ ಅಜವಾನದ ಕಷಾಯ ಕುಡಿಸಿ, "ಬ್ಯಾನಿ ಖರೇ ಇದ್ರ ಇಳೀತೈತಿ, ಸುಳ್ಳಿದ್ರ ಈಗ ಚಾಲೂ ಆಗತೈತಿ ನೋಡು" ಎನ್ನುತ್ತಿದ್ದಳು.

ಮುಂದೆ ದೊಡ್ಡಪ್ಪ ಕುಡಿತ ಬಿಟ್ಟ. ಮಠದಲ್ಲಿ ಅವನಿಗೆ ಶಾಲು ಹೊದಿಸಿದರು. ಬಿಟ್ಟವನಿಗೆ ಶಾಲು! ಹೊಡೆಸಿಕೊಂಡವಳು ಅದೇ ಹೊತ್ತಿಗೆ ಮಠದ ಅಡುಗೆಮನೆಯಲ್ಲಿ ಮಂದಿಗೆ ರೊಟ್ಟಿ ಬಡಿಯುತ್ತಿದ್ದಳು.

"ದೊಡ್ಡವ್ವಾ, ಆ ಬಾಟ್ಲಿ ಹೊರಗ ಒಗೀಬಾರದೇನು?" ಎಂದು ಒಮ್ಮೆ ಕೇಳಿದ್ದೆ.

"ನೋಡಿದ ಮಂದಿ ಎಲ್ಲಾ ಬಾಯಿ ಮುಚ್ಚಿಕೊಂಡು ಕುಂತಾರ. ಸಾಕ್ಷಿಗೆ ಇದೊಂದರ ಇರ್ಲಿ" ಎಂದಳು.

ದೊಡ್ಡಪ್ಪ ತೀರಿಕೊಂಡಾಗ ಆ ಬೀರಿಗೆ ಮೂವತ್ತು ವರ್ಷ ದಾಟಿತ್ತು. ಶಿವಗಣಾರಾಧನೆಯ ದಿನ ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು, "ಒಂದ್ ಇರುವಿಗೂ ನೋವು ಮಾಡಿದಾಂವಲ್ರಿ ನಮ್ಮ ಬಸಣ್ಣ" ಎಂದರು. ದೊಡ್ಡವ್ವ ಎದ್ದು ಒಳಗೆ ಹೋದಳು, ಬಾಟಲಿ ಹಿಡಿದು ಬಂದಳು. ಚೀಟಿ ಉದುರಿಹೋಗಿತ್ತು, ಮುಚ್ಚಳಕ್ಕೆ ತುಕ್ಕು ಹಿಡಿದಿತ್ತು. ಬಾಗಿಲ ಚಿಲಕಕ್ಕೆ ಸಿಗಿಸಿ ಎಳೆದಳು. ಸುಂಯ್ ಎನ್ನಲೂ ಇಲ್ಲ. ವಿಭೂತಿ ಹಚ್ಚಿಕೊಂಡ ಅಷ್ಟು ಮಂದಿಯ ನಡುವೆ ನಿಂತು, ಸ್ಟೀಲ್ ಲೋಟಕ್ಕೆ ಸುರಿದುಕೊಂಡು ಒಂದು ಗುಟುಕು ಕುಡಿದಳು. ಮುಖ ಕಿವುಚಿದಳು.

"ಇದಕ್ಕೇನ್ರಿ? ಈ ಹುಳಿ ನೀರಿನ ಸಲುವಾಗಿ ನನ್ನ ಹಲ್ಲು ಉದುರಿಸಿದ್ನೇನು?"

ಅವಳ ಮಗ ಶಿವು ಓಡಿಬಂದು ತೋಳು ಹಿಡಿದ. "ಯವ್ವಾ, ಬೀರು ಇಷ್ಟು ವರ್ಷ ಇಡೂದಲ್ಲ, ಕೆಟ್ಟೈತಿ."

"ಹೊಸಾದಿದ್ದಾಗ ಏನ್ ಅಮೃತ ಇತ್ತೇನಲೇ?"

ಲೋಟವನ್ನು ನನ್ನ ಕೈಗೆ ಕೊಟ್ಟಳು. ನಾನೂ ಕುಡಿದೆ. ನೆನೆದ ಗೋಣಿಚೀಲದ ವಾಸನೆ, ಹಳೆಯ ಹುಣಸೆಯ ಹುಳಿ, ಗಂಟಲಲ್ಲಿ ಅಂಟಿ ಕೂರುವ ಕಹಿ. ಅಷ್ಟರಲ್ಲಿ ಅವಳು ನನ್ನ ಅಪ್ಪನ ಮುಂದೆ ಹೋಗಿ ನಿಂತಿದ್ದಳು. ಅಪ್ಪ ದೊಡ್ಡಪ್ಪನ ಸ್ವಂತ ತಮ್ಮ.

"ಮಲ್ಲಪ್ಪಾ, ಆವತ್ತು ನೀ ಬಾಗಲದಾಗ ನಿಂತಿದ್ದಿ. ಹೇಳು ಇವರಿಗೆ."

ಅಪ್ಪ ಎಲೆಯ ಮೇಲಿನ ಹುಗ್ಗಿಗೆ ತುಪ್ಪ ಕಲಸುತ್ತಲೇ ಇದ್ದ. "ಆಕೀಗೆ ತಲಿ ಕೆಟ್ಟೈತಿ, ಒಳಗ ಕರಕೊಂಡು ಹೋಗ್ರಿ" ಎಂದರು ಯಾರೋ. ಅಂದಿನಿಂದ ಊರಿಗೆ ಅವಳು ಹುಚ್ಚಿ. ಒಂದು ಗುಟುಕಿಗೆ ಕುಡುಕಿ ಎಂಬ ಹೆಸರು ಬೇರೆ.

ಹೋದ ವರ್ಷ ದೊಡ್ಡವ್ವ ತೀರಿಕೊಂಡಳು. ಮಣ್ಣು ಕೊಟ್ಟು, ಅಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮನೆಗೆ ಹೊರಟಿದ್ದೆ. ಅರ್ಧ ದಾರಿಯಲ್ಲಿ ಅಪ್ಪ ನನ್ನ ಬೆನ್ನಿಗೆ ಹೇಳಿದ:

"ನಾ ನೋಡಿದ್ನಿ ತಮ್ಮಾ. ಅಣ್ಣ ಹೊಡದದ್ದು ಖರೇ."

ನಾನು ಬೈಕ್ ತಿರುಗಿಸಿದೆ.

"ಎತ್ತಾಗ್ಲೇ?"

"ನನಗ ಹೇಳಿ ಏನು ಮಾಡ್ತೀರಿ? ಮಂದಿ ಇನ್ನೂ ಅಲ್ಲೇ ಅದಾರ. ಅವರ ಮುಂದ ಹೇಳ್ರಿ."

ಗುದ್ದಲಿ, ಬುಟ್ಟಿ ಹಿಡಿದವರು ರುದ್ರಭೂಮಿಯ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದರು. ನಾನು ಅವರ ಹತ್ತಿರವೇ ಬೈಕ್ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ ಕಾದೆ.

ಅಪ್ಪ ಇಳಿಯಲಿಲ್ಲ.