ಪರಾತಕ್ಕೆ ಬಿದ್ದ ಬಂಗಡೆ

ದುಡಿಯಲು ಬಂದವರ ಕೇರಿಯಾದ ಮೋತಿ ಡೊಂಗರದಲ್ಲಿ ನಮ್ಮ ಪಕ್ಕದ ಖೋಲಿಯಲ್ಲಿದ್ದ ವಿಜಯಪುರದ ಹೆಂಗಸನ್ನು ಎಲ್ಲರೂ ಕಾಕು ಎಂದೇ ಕರೆಯುತ್ತಿದ್ದೆವು. ಯಾರು ಯಾವ ಕಷ್ಟ ಹೇಳಿಕೊಂಡರೂ ಅವರು ತೋರುಬೆರಳನ್ನು ಆಕಾಶಕ್ಕೆತ್ತಿ, "ದೇವ್ರು ತಪ್ಪಂಗಿಲ್ಲ ತಗೋ," ಎನ್ನುತ್ತಿದ್ದರು. ತಮ್ಮ ಗಂಡನಿಗೆ ಕೆಲಸ ಸಿಗದ ದಿನವೂ ಅದೇ ಮಾತು, ಗೊತ್ತಾಗಿದ್ದ ನನ್ನ ಲಗ್ನ ಮುರಿದಾಗಲೂ ಅದೇ ಮಾತು. ಕೇಳಿ ಕೇಳಿ ನನಗೆ ಸಿಟ್ಟು ಬರುತ್ತಿತ್ತು. ಎದುರುಮನೆಯ ಕೊಂಕಣಿ ಹೆಂಗಸಿನೊಂದಿಗೆ ನಳದ ನೀರಿಗಾಗಿ ಜಗಳವಾಡಿ ಮಾತು ಬಿಟ್ಟದ್ದನ್ನೂ ಕಾಕು ದೇವರ ಲೆಕ್ಕಕ್ಕೇ ಹಾಕಿದ್ದರು.

ಒಂದು ಬೆಳಿಗ್ಗೆ ಅವರು ಅಂಗಳದಲ್ಲಿ ಕುಳಿತು ಅಗಲ ತಟ್ಟೆಯಂಥ ಪರಾತದಲ್ಲಿ ರೊಟ್ಟಿಯ ಹಿಟ್ಟು ನಾದುತ್ತಿದ್ದರು. ಮೇಲೆ ಹಾರುತ್ತಿದ್ದ ಹದ್ದಿನ ಕಾಲಿನಿಂದ ದಪ್ಪನೆಯ ಬಂಗಡೆ ಮೀನೊಂದು ಜಾರಿ ಸೀದಾ ಪರಾತಕ್ಕೆ ಬಿತ್ತು. ಕಾಕು ಮೊಟ್ಟೆಯನ್ನೂ ಮುಟ್ಟದವರು. ನನಗೋ ಹಬ್ಬ.

"ಕಾಕು, ಇವತ್ತರ ತಪ್ಪಿದ್ನೋ ಇಲ್ರಿ ನಿಮ್ಮ ದೇವ್ರು?"

ಅವರು ಮೂಗು ಮುಚ್ಚಿಕೊಂಡು, ಮೀನಿನ ಬಾಲ ಹಿಡಿದು ಎದುರುಮನೆಗೆ ನಡೆದರು.

"ಬಾಯಿ, ನಿಮ್ಮ ಮನಿಗೆ ಬರೂದು ನಮ್ಮ ಮನಿಗೆ ಬಂದೈತ್ರಿ. ತಗೋರಿ."

ಹಿಟ್ಟು ಮೆತ್ತಿದ ಮೀನನ್ನೂ ಕಾಕುವಿನ ಮುಖವನ್ನೂ ನೋಡಿ ಆ ಹೆಂಗಸು ನಕ್ಕು ನಕ್ಕು ಹೊಸ್ತಿಲ ಮೇಲೇ ಕುಳಿತುಬಿಟ್ಟಳು. ಸಂಜೆ ನಳದ ಹತ್ತಿರ ಇಬ್ಬರೂ ಹರಟೆ ಹೊಡೆಯುತ್ತ ನಿಂತಿದ್ದರು.

ಕೊಡ ಹೊತ್ತು ಮರಳಿದ ಕಾಕು ನನ್ನನ್ನು ತಡೆದು ನಿಲ್ಲಿಸಿದರು. "ನೋಡಿದಿ? ನಾನಾಗಿ ಹೋಗ್ತಿದ್ನೇನು ಆಕಿ ಮನಿಗೆ?"

ನಾನು ಸೋತೆ. ಅವರು ಮಾತ್ರ ಕೈ ಮೂಸಿಕೊಂಡು, ಮುಖ ಕಿವುಚಿ, ಆಕಾಶದ ಕಡೆ ನೋಡಿ ಗದರಿದರು:

"ಬಾಳಿಹಣ್ಣು ಒಗೆದಿದ್ರೂ ಹೋಗ್ತಿದ್ನೆಪಾ!"