ಸಪ್ಪಳವಿಲ್ಲದ ಖೀಮಾ ಮಷಿನ್

ಹಂಪಯ್ಯ ಮಾಸ್ತರರು ದೇವದುರ್ಗದಿಂದ ಪ್ರತಿ ಭಾನುವಾರ ರಾಯಚೂರಿನ ನನ್ನ ಅಂಗಡಿಗೆ ಮಾಂಸ ಕೊಚ್ಚುವ ಖೀಮಾ ಮಷಿನ್ ನೋಡಲು ಬರುತ್ತಾರೆ. ಕೊಳ್ಳಲು ಅಲ್ಲ, ನೋಡಲು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರಂತೆ ಬ್ಲೇಡು ಮುಟ್ಟುತ್ತಾರೆ, ಮಷಿನ್ ಎತ್ತಿ ತೂಗುತ್ತಾರೆ, ಮೋಟರನ್ನು ಮೂಸುವುದೂ ಉಂಟು. “ಹೋಟೆಲ್‌ನವ್ರು ಒಯ್ಯೋದು ತೋರಿಸ್ರಿ ಸಾವ್ಕಾರ್ರ, ಹಗೂರಂದು ಬ್ಯಾಡ,” ಎನ್ನುತ್ತಾರೆ. ಎಲ್ಲವನ್ನೂ ಚಾಲೂ ಮಾಡಿಸಿ, ಕಿವಿಗೊಟ್ಟು ಕೇಳಿ, “ಇದಲ್ರಿ” ಎಂದು ಎದ್ದು ಹೋಗುತ್ತಾರೆ. ಒಬ್ಬರೇ ಇರುವ ಮನುಷ್ಯನಿಗೆ ಇಷ್ಟು ದೊಡ್ಡದೇಕೆಂದು ನನಗೆ ಒಳಗೊಳಗೇ ನಗು. ಮೊನ್ನೆ ಎಲ್ಲಕ್ಕಿಂತ ದುಬಾರಿಯದನ್ನು ಚಾಲೂ ಮಾಡಿ, “ಸಪ್ಪಳನ ಇಲ್ಲ ನೋಡ್ರಿ ಮಾಸ್ತರ!” ಎಂದು ಹಿಗ್ಗಿದೆ. ಅವರ ಮುಖ ಇಳಿದುಹೋಯಿತು. “ಸಪ್ಪಳ ಬೇಕ್ರಿ. ನಮ್ಮಾಕಿ ಇದ್ದಾಗ, ಆಕಿ ಖೀಮಾ ಕೊಚ್ಚೋ ಸಪ್ಪಳ ಕೇಳಿದ್ರ ಸಾಕು, ಬಾಜೂ ಮನಿಯವ್ರು ಗ್ವಾಡಿ ಮ್ಯಾಲಿಂದ ಇಣುಕಿ, ‘ಯಾರ್ ಬಂದಾರ್ರಿ?’ ಅಂತ ಕೇಳ್ತಿದ್ರು.”